ಕುದುರೆ ಕಣ್ಣಿಗೆ ಕೈಹಾಕುವ ಮುನ್ನ

ಕುದುರೆಯ ಎಡಗಣ್ಣಲ್ಲಿ ನೀರು ಸುರೀತಾ ಇದೆ ಅಂದೆ. ಯಾವಾಗಿಂದ ಅಂತ ಕೇಳಿದರೆ ‘ಮೊನ್ನೆಯಿಂದ’ ಅಂತೀಯ. ಮೊನ್ನೆಯಿಂದ ಏನು ಮಾಡಿದೆ ಅಂದರೆ, ಅಜ್ಜಿಗೆ ಪೊರೆ ಆಪರೇಷನ್ ಆದಾಗ ಉಳಿದಿದ್ದ ಡ್ರಾಪ್ಸ್ ಹಾಕಿದೆಯಂತೆ! ಭಲೇ ಮಗನೆ. ಟಾಂಗಾ ಹೊಡೆಯೋದನ್ನ ನಿನ್ನಷ್ಟು ಬೇಗ ಕಲಿತವರು ನಮ್ಮ ಮೈಸೂರಿನ ಸ್ಟ್ಯಾಂಡಿನಲ್ಲಿ ಕಡಿಮೆ. ನಿನ್ನ ದನಿ ಕೇಳಿದರೆ ಕುದುರೆ ಕಿವಿ ನಿಮಿರಿಸುತ್ತೆ. ಅದಕ್ಕೇ ಮುಖ ಮುರಿದ ಹಾಗೆ ಹೇಳ್ತೀನಿ, ಕೇಳು. ಔಷಧಿ ಹಾಕೋಕೆ ನಿನಗೆ ಅವಸರ, ಡಾಕ್ಟರ ಹತ್ತಿರ ಹೋಗೋಕೆ ಸಾವಧಾನ. ಇದನ್ನ ತಿರುವುಮುರುವು ಮಾಡ್ಕೊ.

ಕುದುರೆ ನೋವನ್ನ ಹೇಳಿಕೊಳ್ಳೋ ಪ್ರಾಣಿ ಅಲ್ಲ. ಒಂದು ಕಣ್ಣು ಉರೀತಾ ಇದ್ದರೂ ಹುರುಳಿ ತಿನ್ನುತ್ತೆ, ಕರೆದರೆ ಬರುತ್ತೆ, ಗಾಡಿ ಕಟ್ಟಿದರೆ ಎಳೆಯುತ್ತೆ. ‘ಚೆನ್ನಾಗಿ ತಿಂತಾ ಇದೆ, ಏನೂ ಆಗಿಲ್ಲ’ ಅಂದ್ಕೊಂಡು ನೀನು ನೆಮ್ಮದಿಯಾಗಿರ್ತೀಯ. ಬೆಳಿಗ್ಗೆ ಕಡಿವಾಣ ಹಾಕೋ ಮುಂಚೆ ಮೊಬೈಲ್ ಜೇಬಿಗೆ ಹಾಕಿ ಅದರ ಎದುರಿಗೆ ನಿಂತ್ಕೊ. ಎರಡೂ ಕಣ್ಣನ್ನ ಒಟ್ಟಿಗೆ ನೋಡು. ಮೇಲಿನ ರೆಪ್ಪೆಗೂದಲು ನೆಟ್ಟಗೆ ಹೊರಕ್ಕೆ ಚಾಚಿರಬೇಕು. ನೋವಿರೋ ಕಣ್ಣಿನ ರೆಪ್ಪೆಗೂದಲು ಕೆಳಮುಖ ಮಾಡಿರುತ್ತೆ. ಎಷ್ಟೋ ಸಲ ಕೆಂಪು, ನೀಲಿ ಮಬ್ಬು, ಪಿಸುರು ಕಾಣೋಕೆ ಮುಂಚೆಯೇ ಈ ಗುರುತು ಸಿಗುತ್ತೆ. ಬಿಸಿಲಿಗೆ ಬಂದಾಗ ಒಂದು ಕಣ್ಣು ಮುಚ್ಚಿಕೊಂಡರೆ, ಮುಖವನ್ನ ಕಂಬಕ್ಕೋ ಮುಂಗಾಲಿಗೋ ಉಜ್ಜಿದರೆ, ಅವತ್ತು ಬಾಡಿಗೆ ಬೇಡ.

ಅಜ್ಜಿಯ ಡ್ರಾಪ್ಸ್‌ಗೆ ಬರ್ತೀನಿ. ಪೊರೆ ಆಪರೇಷನ್ ಆದವರಿಗೆ ಕೊಡೋ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತೆ. ಉರಿ, ಕೆಂಪು ಇಳಿಸೋಕೆ ಅದು ಒಳ್ಳೆಯದೇ. ಆದರೆ ಕುದುರೆಯ ಕಾರ್ನಿಯಾದಲ್ಲಿ ಗಾಯ ಇದ್ದರೆ ಅದೇ ಔಷಧಿ ವಿಷ. ಕಣ್ಣಿನ ಮುಂದಿರೋ ಆ ಪಾರದರ್ಶಕ ಪದರ ದಪ್ಪದಲ್ಲಿ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಒಣಹುಲ್ಲಿನ ಕಡ್ಡಿಯೊಂದು ಗೀರಿದರೆ ಸಾಕು, ಗಾಯ ಆಗುತ್ತೆ, ಗಾಯದೊಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿಕೊಳ್ಳುತ್ತೆ. ನಮ್ಮಂಥ ಬಿಸಿಲು, ತೇವ ಎರಡೂ ಇರೋ ಊರುಗಳಲ್ಲಿ ಶಿಲೀಂಧ್ರದ ಕಾಟ ಇನ್ನೂ ಜಾಸ್ತಿ. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಕಾರ್ನಿಯಾ ಕರಗೋಕೆ ಶುರುವಾಗಿ ಒಂದೆರಡು ದಿನದಲ್ಲೇ ತೂತು ಬೀಳಬಹುದು. ಆಮೇಲೆ ಕಣ್ಣನ್ನೇ ತೆಗೆಸೋದು.

ಗಾಯ ಇದೆಯೋ ಇಲ್ಲವೋ ನಿನಗೂ ಕಾಣೋಲ್ಲ, ನನಗೂ ಕಾಣೋಲ್ಲ. ಡಾಕ್ಟರು ಕಿತ್ತಳೆ ಬಣ್ಣದ ಪುಟ್ಟ ಕಾಗದದ ಪಟ್ಟಿಯೊಂದನ್ನ ಒದ್ದೆ ಮಾಡಿ ಕಣ್ಣಿಗೆ ತಾಗಿಸ್ತಾರೆ. ಬಣ್ಣ ಕಣ್ಣೆಲ್ಲ ಹರಡಿ ತೊಳೆದುಹೋಗುತ್ತೆ, ಗಾಯದ ಜಾಗದಲ್ಲಿ ಮಾತ್ರ ಅಂಟಿಕೊಂಡು ಹಸಿರಾಗಿ ಹೊಳೆಯುತ್ತೆ. ಆ ಹಸಿರು ಕಂಡರೆ ಒಂದು ಔಷಧಿ, ಕಾಣದಿದ್ದರೆ ಇನ್ನೊಂದು. ಆ ಪರೀಕ್ಷೆ ಮಾಡದೆ ಯಾರು ಏನೇ ಟ್ಯೂಬು ಕೊಟ್ಟರೂ ಹಾಕಬೇಡ, ಪಕ್ಕದ ಗಾಡಿಯವನು ಕೊಟ್ಟರೂ, ಕೊನೆಗೆ ನಾನೇ ಕೊಟ್ಟರೂ.

ಉಪ್ಪು ಅಗಿದು ಕಣ್ಣಿಗೆ ಉಗಿಯೋರಿದ್ದಾರೆ, ಹೊಗೆಸೊಪ್ಪಿನ ರಸ ಹಿಂಡೋರಿದ್ದಾರೆ. ‘ನಮ್ಮ ತಾತನ ಕಾಲದಿಂದ ನಡೆದು ಬಂದದ್ದು’ ಅಂತಾರೆ. ತಾತನ ಕಾಲದಲ್ಲಿ ಕುರುಡು ಕುದುರೆಗಳೂ ಬೇಕಾದಷ್ಟಿದ್ದವು, ಅದನ್ನ ಯಾರೂ ಹೇಳೋದಿಲ್ಲ.

ಇನ್ನೊಂದು ವಿಚಿತ್ರ ಇದೆ. ನೋಡದೆ ನೀನು ನಂಬೋದಿಲ್ಲ. ಗೆಳೆಯನೊಬ್ಬನ ಹೆಣ್ಣುಕುದುರೆಗೆ ಕಣ್ಣು ಮಂಜಾಗಿತ್ತು. ಡಾಕ್ಟರು ಲಾಯದ ಬಾಗಿಲು ಮುಚ್ಚಿಸಿ ಟಾರ್ಚು ಬಿಟ್ಟರು. ಕಣ್ಣೊಳಗಿನ ನೀರಲ್ಲಿ ಬಿಳಿ ನೂಲಿನಂಥ ಹುಳ ಸುರುಳಿ ಬಿಚ್ಚುತ್ತಾ, ಸುತ್ತುತ್ತಾ ಈಜಾಡ್ತಾ ಇತ್ತು. ಗೆಳೆಯ ಕೈಮುಗಿದುಬಿಟ್ಟ, ಯಾರೋ ಏನೋ ಮಾಡಿಸಿದ್ದಾರೆ ಅಂತ. ಮಾಟ ಅಲ್ಲ, ಮಂತ್ರ ಅಲ್ಲ, ಅದರ ಹೆಸರು ಸೆಟೇರಿಯಾ. ದನ ಎಮ್ಮೆಗಳ ಹೊಟ್ಟೆಯೊಳಗೆ ಅವಕ್ಕೆ ಹೆಚ್ಚು ತೊಂದರೆ ಕೊಡದೆ ಇರೋ ಹುಳ. ಸೊಳ್ಳೆ ಅದರ ಮರಿಗಳನ್ನ ಕುದುರೆಗೆ ತಂದು ಬಿಡುತ್ತೆ. ಕುದುರೆಯ ಮೈ ಅದಕ್ಕೆ ಪರಸ್ಥಳ, ದಾರಿ ತಪ್ಪಿ ಕಣ್ಣಿಗೆ ಬರುತ್ತೆ. ಬೆನ್ನುಹುರಿಗೆ ಹೋದರೆ ಸೊಂಟದ ಶಕ್ತಿಯೇ ಬಿದ್ದುಹೋಗುತ್ತೆ. ಕಣ್ಣಲ್ಲಿದ್ದರೆ ಮಂಪರು ಕೊಟ್ಟು, ಕಣ್ಣು ಮರಗಟ್ಟಿಸಿ, ಸಣ್ಣದಾಗಿ ಚುಚ್ಚಿ ಹೊರಗೆ ತೆಗೀತಾರೆ. ಹುಳದ ಔಷಧಿ ಕೊಟ್ಟು ಅಲ್ಲೇ ಸಾಯಿಸೋಣ ಅಂತ ನಿನ್ನ ತಲೆಗೆ ಹೊಳೆಯುತ್ತೆ, ಗೊತ್ತು. ಸತ್ತ ಹುಳ ಕಣ್ಣೊಳಗೇ ಉಳಿದು ಉರಿ ಹೆಚ್ಚಿಸುತ್ತೆ. ಸೊಳ್ಳೆ ಈ ಹುಳವನ್ನ ದನದಿಂದ ತರುತ್ತೆ, ಅದಕ್ಕೇ ದನದ ಕೊಟ್ಟಿಗೆಗೆ ಅಂಟಿಕೊಂಡ ಹಾಗೆ ಲಾಯ ಬೇಡ ಅನ್ನೋದು. ಸೊಳ್ಳೆ ಓಡಿಸೋಕೆ ಹೊಗೆ ಹಾಕಿ ಇದ್ದ ಕಣ್ಣನ್ನೂ ಉರಿಸಬೇಡ. ನಿಂತ ನೀರು ಚೆಲ್ಲು, ಕಿಟಕಿಗೆ ಜಾಲರಿ ಹೊಡಿ, ಒಂದು ಫ್ಯಾನ್ ಹಾಕು.

ಇನ್ನು ಬಂದು ಹೋಗಿ ಬಂದು ಹೋಗಿ ಕಾಡೋ ಕಣ್ಣುಬೇನೆ. ಕಣ್ಣೊಳಗಿನ ಪದರಗಳು ಊದಿಕೊಳ್ಳೋದು, ಯುವಿಯೈಟಿಸ್ ಅಂತಾರೆ. ಹಿಂದಿನವರು ಚಂದ್ರನ ಏರಿಳಿತದ ಮೇಲೆ ಇದರ ತಪ್ಪು ಹೊರಿಸಿದ್ದರು. ಚಂದ್ರನದೇನೂ ತಪ್ಪಿಲ್ಲ. ಇಲಿಜ್ವರ ತರೋ ಲೆಪ್ಟೊಸ್ಪೈರಾ ರೋಗಾಣುವಿಗೂ ಇದಕ್ಕೂ ನಂಟಿದೆ. ಇಲಿ ಉಚ್ಚೆ ಬೀಳದ ಹಾಗೆ ಹುರುಳಿ ಡಬ್ಬಕ್ಕೆ ಮುಚ್ಚಳ ಹಾಕು, ನೀರಿನ ತೊಟ್ಟಿ ತೊಳಿ. ಈ ಬೇನೆ ವಾಸಿಯಾಯಿತು ಅಂತ ಮೈಮರೆಯೋ ಹಾಗಿಲ್ಲ. ಪ್ರತಿ ಸಲ ಬಂದಾಗಲೂ ದೃಷ್ಟಿಯಲ್ಲಿ ಒಂದಿಷ್ಟು ಕಿತ್ಕೊಂಡೇ ಹೋಗುತ್ತೆ.

ಔಷಧಿ ಬರೆದುಕೊಟ್ಟ ಮೇಲೆ ನಿನ್ನ ಪರೀಕ್ಷೆ ಶುರು. ದಿನಕ್ಕೆ ಎರಡು ಸಲ ಅಲ್ಲ, ಕೆಲವೊಮ್ಮೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಹಾಕಬೇಕು. ಕೈ ತೊಳ್ಕೊ. ಲೀಟರು ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಹತ್ತಿ ಅದ್ದಿ ಪಿಸುರು ಒರೆಸು. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಬೇಡ. ಕುದುರೆ ರೆಪ್ಪೆ ಬಿಗಿ ಹಿಡಿದರೆ ಹೆಬ್ಬೆರಳಲ್ಲಿ ಒತ್ತಿ ತೆರೆಯೋ ಪೌರುಷ ತೋರಿಸಬೇಡ, ಆಳವಾದ ಗಾಯ ಇದ್ದರೆ ಆ ಒತ್ತಡಕ್ಕೇ ಕಣ್ಣು ಒಡೀಬಹುದು. ಹಠಮಾರಿ ಕುದುರೆಯಾದರೆ ರೆಪ್ಪೆಯೊಳಗಿಂದ ಕತ್ತಿನ ಕೂದಲಿನವರೆಗೆ ಸಣ್ಣ ಕೊಳವೆ ಕೂರಿಸಿ ಕೊಡ್ತಾರೆ. ನೀನು ಹೆಗಲ ಪಕ್ಕ ನಿಂತು ಅಲ್ಲಿಂದಲೇ ಔಷಧಿ ಬಿಡಬಹುದು. ಅಟ್ರೊಪಿನ್ ಕೊಟ್ಟಿದ್ದರೆ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತೆ, ಕತ್ತಲ ಲಾಯದಲ್ಲೇ ಕಟ್ಟು. ಆ ಔಷಧಿ ಕರುಳನ್ನೂ ನಿಧಾನ ಮಾಡುತ್ತೆ. ಹಾಗಾಗಿ ಕಣ್ಣು ನೋಡಿದಷ್ಟೇ ಶ್ರದ್ಧೆಯಿಂದ ಲದ್ದಿ ನೋಡು. ಲದ್ದಿ ಕಡಿಮೆಯಾದರೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡಿದರೆ, ತಕ್ಷಣ ಫೋನ್ ಮಾಡು.

ಹುಲ್ಲನ್ನ ತಲೆಗಿಂತ ಮೇಲೆ ಕಟ್ಟೋದು ನಿಲ್ಲಿಸು, ಧೂಳೆಲ್ಲ ಕಣ್ಣಿಗೇ ಉದುರುತ್ತೆ. ಕಣ್ಣುಪಟ್ಟಿಯ ಚರ್ಮ ಬೆವರಿಗೆ ಗಟ್ಟಿಯಾಗಿ ಒಳಕ್ಕೆ ಬಾಗಿದೆಯಾ ನೋಡ್ಕೊ, ರೆಪ್ಪೆಗೂದಲಿಗೆ ಅದು ತಾಗಲೇಬಾರದು.

ಒಂದು ವೇಳೆ ಕಣ್ಣು ಹೋಯಿತು ಅನ್ನು. ಹೋದರೆ ಕುದುರೆ ಬದುಕು ಮುಗೀತು ಅಂತ ಹೇಳೋ ದಲ್ಲಾಳಿಗೆ ಕಿವಿಕೊಡಬೇಡ. ಒಕ್ಕಣ್ಣಿನ ಕುದುರೆ ಚೆನ್ನಾಗಿ ಬಾಳುತ್ತೆ, ಎರಡೂ ಕಾಣದ್ದೂ ನೆಮ್ಮದಿಯಾಗಿರಬಲ್ಲದು. ಬಕೆಟ್ಟು, ಗೋದಲಿ ಇದ್ದಲ್ಲೇ ಇರಬೇಕು. ಕಾಣದ ಕಡೆಯಿಂದ ಹೋಗುವಾಗ ದೂರದಿಂದಲೇ ಮಾತಾಡಿಸ್ಕೊಂಡು ಹೋಗು, ಆಮೇಲೆ ಹೆಗಲು ಮುಟ್ಟು. ಸುತ್ತಮುತ್ತ ಬಹುಪಾಲು ನೋಡೋ ಪ್ರಾಣಿಗೆ ಅರ್ಧ ಜಗತ್ತು ಆರಿಹೋಗಿರುತ್ತೆ, ಬೆಚ್ಚಿದರೆ ಅದರ ತಪ್ಪಲ್ಲ. ಆದರೆ ದಸರಾ ಜಂಗುಳಿಯಲ್ಲಿ, ಬಸ್ಸುಗಳ ನಡುವೆ ಅದನ್ನ ಕಟ್ಟಿಕೊಂಡು ಹೊರಟೆಯೋ, ನಾನೇ ಬಂದು ಲಗಾಮು ಕಿತ್ಕೋತೀನಿ.

ಮಾರೋದಾದರೆ ಹೇಳಿ ಮಾರು. ಕೊಳ್ಳೋದಾದರೆ ಬಿಸಿಲಲ್ಲಿ ಮಿರಮಿರ ಮಿಂಚೋ ಮೈ ನೋಡಿ ಮರುಳಾಗಬೇಡ. ಕತ್ತಲಿಗೆ ಕರ್ಕೊಂಡು ಹೋಗಿ ಟಾರ್ಚು ಬಿಡು, ಪಾಪೆ ಕಿರಿದಾಗಬೇಕು. ಗಾಳಿ ತಾಗದ ಹಾಗೆ ಕೈಯನ್ನ ಮೆಲ್ಲಗೆ ಕಣ್ಣಿನ ಕಡೆ ತಗೊಂಡು ಹೋಗು, ರೆಪ್ಪೆ ಬಡೀಬೇಕು. ಆಮೇಲೆ ಇನ್ನೊಂದು ಕಣ್ಣು. ಮಾರುವವನು ‘ಬೇಗ ನೋಡಪ್ಪಾ, ಇನ್ನೊಬ್ಬರು ಕಾಯ್ತಿದ್ದಾರೆ’ ಅಂದರೆ, ಇನ್ನಷ್ಟು ನಿಧಾನವಾಗಿ ನೋಡು. ಅದೆಲ್ಲ ಮುಂದಿನ ಮಾತು. ಈಗ 1962ಕ್ಕೆ ಫೋನ್ ಮಾಡಿ ಪಶು ಡಾಕ್ಟರನ್ನ ಕೇಳು. ಯಾವ ಡ್ರಾಪ್ಸು, ಎಷ್ಟು ಸಲ ಹಾಕಿದೆ ಅನ್ನೋದನ್ನ ಮುಚ್ಚಿಡದೆ ಹೇಳು. ಬೈದರೆ ಬೈಸ್ಕೊ.