ಹಲಗೆ ಬಾಡಿಗೆಗಿರಲಿ, ಜಾಕೆಟ್ ಸ್ವಂತದ್ದಿರಲಿ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ತರೀಕೆರೆ, ಕಡೂರು, ಅಜ್ಜಂಪುರದ ಮನೆಗಳಲ್ಲಿ ಖರ್ಚಿನ ಪಟ್ಟಿಯೂ ಸಿದ್ಧವಾಗಿರುತ್ತದೆ. ಅಜ್ಜಂಪುರದಲ್ಲಿರುವ ನಮ್ಮಣ್ಣನ ಮಗನ ಪಟ್ಟಿಗೆ ಈ ಸಲ ವೇಕ್‌ಬೋರ್ಡ್ ಸೇರಿತ್ತು. ಹಲಗೆಗೆ ಕಾಲು ಬಿಗಿದು, ಮೋಟಾರು ದೋಣಿಗೆ ಕಟ್ಟಿದ ಹಗ್ಗ ಹಿಡಿದು, ದೋಣಿ ಎಬ್ಬಿಸುವ ಅಲೆಯ ಮೇಲೆ ಜಾರುವ ಆಟ ಅದು. "ಚಿಕ್ಕಪ್ಪ, ಲಕ್ಕವಳ್ಳಿ ಹಿನ್ನೀರು ಇಷ್ಟು ಹತ್ತಿರ ಇದೆ. ಒಂದ್ಸಲ ತಗೊಂಡ್ರೆ ಎಷ್ಟೋ ವರ್ಷ ಬರುತ್ತೆ" ಎಂದ. ಅದೇ ಭದ್ರಾ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕುವ ಸುಖ ಕಂಡವನು ನಾನು; ಅವನ ಆಸೆ ನನಗೆ ಗೊತ್ತು. ಆದರೂ ಹಲಗೆ ಬೇಡ ಎಂದೆ.

ಹಲಗೆಯೊಂದೇ ಇದ್ದರೆ ಆಟ ನಡೆಯುವುದಿಲ್ಲ. ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗದಲ್ಲಿ ಎಳೆಯುವ ದೋಣಿ ಬೇಕು, ನುರಿತ ಚಾಲಕ ಬೇಕು, ಬಿದ್ದವರ ಮೇಲೆ ಕಣ್ಣಿಡಲು ದೋಣಿಯಲ್ಲಿ ಇನ್ನೊಬ್ಬರು ಬೇಕು. ಲಕ್ಕವಳ್ಳಿಯದು ನೀರಾವರಿ ಜಲಾಶಯ. ಅದರ ದಂಡೆಯ ಕಾಡು 1998ರಿಂದ ಹುಲಿ ಯೋಜನೆಗೆ ಸೇರಿದೆ. ಅನುಮತಿಯಿಲ್ಲದೆ ನಮ್ಮ ದೋಣಿ ಇಳಿಸಿ ಓಡಿಸುವ ಜಾಗ ಅದಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ತಲೆ ಎತ್ತುತ್ತವೆ, ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಆಗ ವೇಗದ ದೋಣಿ ಮನುಷ್ಯರಿಗೂ ಹಕ್ಕಿಗೂ ಅಪಾಯ. ಕಡೂರಿನ ಕಡೆಯ ಅಯ್ಯನಕೆರೆ, ಮದಗದಕೆರೆಗಳಿರುವುದು ಹೊಲ ತೋಟಗಳಿಗೆ ನೀರುಣಿಸಲು.

ಹಾಗಾಗಿ ಈ ಆಟಕ್ಕೆ ಗೋವಾದಂಥ ಊರಿಗೇ ಹೋಗಬೇಕು. ಹಲಗೆ, ಕಾಲುಪಟ್ಟಿ, ಹಗ್ಗ ಸೇರಿ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ನಾಲ್ಕು ದಿನದಂತೆ ಐದು ವರ್ಷ ಬಳಸಿದರೂ ದಿನಕ್ಕೆ 2,000 ರೂಪಾಯಿ ಬೀಳುತ್ತದೆ. ದೋಣಿಯ ಬಾಡಿಗೆ ಬೇರೆ. ಅಲ್ಲಿ ಆಟ ಆಡಿಸುವವರು ಹೇಗೂ ದೋಣಿಯ ಜೊತೆಗೆ ಹಲಗೆಯನ್ನೂ ಕೊಡುತ್ತಾರೆ; ಸ್ವಂತದ್ದೇಕೆ?

ಬಾಡಿಗೆಗೆ ಪಡೆಯುವಾಗಲೂ ಆಯ್ಕೆ ತಿಳಿದಿರಬೇಕು. ಹಲಗೆಯ ಅಳತೆ ನೋಡುವುದು ಎತ್ತರದಿಂದಲ್ಲ, ತೂಕದಿಂದ. 70 ಕೆ.ಜಿ. ತೂಕದವರಿಗೆ ಸುಮಾರು 135ರಿಂದ 140 ಸೆಂ.ಮೀ. ಹಲಗೆ ಹೊಂದುತ್ತದೆ. ಕಲಿಯುವವರು ತುಸು ಉದ್ದದ್ದನ್ನೇ ಕೇಳಬೇಕು, ಅದು ಬೇಗ ನೀರಿನ ಮೇಲೆ ಎತ್ತಿಕೊಳ್ಳುತ್ತದೆ. ತುದಿಯಿಂದ ತುದಿಗೆ ಒಂದೇ ಸಮ ಬಾಗಿದ ಹಲಗೆ ನಯವಾಗಿ ಜಾರುತ್ತದೆ. ನಡುವೆ ಚಪ್ಪಟೆಯಾಗಿ ತುದಿಗಳಲ್ಲಿ ಚುರುಕಾಗಿ ಬಾಗಿದ್ದು ಎತ್ತರ ಜಿಗಿಯುವ ಪಳಗಿದವರಿಗೆ. ಬೆರಳಿನ ಕಡೆ ತೆರೆದಿರುವ ಕಾಲುಪಟ್ಟಿಯಾದರೆ ಒಂದೇ ಜೋಡಿ ಹಲವರ ಪಾದಕ್ಕೆ ಕೂರುತ್ತದೆ.

ಬಾಡಿಗೆಗೆ ತರಬಾರದ್ದು ಲೈಫ್ ಜಾಕೆಟ್. ಎಷ್ಟೋ ಜನ ತೊಟ್ಟು ಬಿಟ್ಟ, ಪಟ್ಟಿ ಸಡಿಲವಾದ, ಬಿಸಿಲಿಗೆ ಬಣ್ಣ ಹೋದ ಜಾಕೆಟ್ ನಿಮ್ಮ ಎದೆಯ ಅಳತೆಗೆ ಸಿಗುವುದು ಅಪರೂಪ. ಕೊಳ್ಳುವಾಗ ಒಳಗಿನ ಚೀಟಿ ಓದಿ. 50 ನ್ಯೂಟನ್ ಎಂದರೆ ಸುಮಾರು 5 ಕೆ.ಜಿ. ಎತ್ತುವ ಬಲ, ಅದು ಈಜು ಬಲ್ಲವರಿಗೆ, ನೆರವು ಹತ್ತಿರ ಇರುವ ಜಾಗಕ್ಕೆ. ಈಜು ಬಾರದವರಿಗೆ 100 ನ್ಯೂಟನ್‌ಗಿಂತ ಕಡಿಮೆಯದು ಬೇಡ. ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿಸಿ ನೋಡಿ. ಅದು ಗಲ್ಲದವರೆಗೆ ಜಾರಿದರೆ ಅಳತೆ ದೊಡ್ಡದು. ವೇಕ್‌ಬೋರ್ಡಿಂಗ್ ಸ್ಪರ್ಧಿಗಳು ತೊಡುವ ತೆಳು ಜಾಕೆಟ್‌ಗಳಲ್ಲಿ ಹಲವು ಪೆಟ್ಟು ತಡೆಯಲು ಮಾತ್ರ ಮಾಡಿದವು, ತೇಲಿಸುವ ಪ್ರಮಾಣಪತ್ರ ಅವಕ್ಕಿರುವುದಿಲ್ಲ. ಹೆಚ್ಚು ಬೆಲೆ ಎಂದರೆ ಹೆಚ್ಚು ರಕ್ಷಣೆ ಎಂದು ನಂಬಿ ಅವನ್ನು ತರಬೇಡಿ.

ನಾನು ಮೊದಲು ಹಣ ಹಾಕಿದ್ದು ಜಾಕೆಟ್‌ಗೇ. ಕಯಾಕ್‌ಗೂ ಅದೇ, ತೆಪ್ಪಕ್ಕೂ ಅದೇ, ನೆಂಟರೊಡನೆ ಸಮುದ್ರ ನೋಡಲು ಹೋದರೂ ಅದೇ. ಪ್ರತಿ ಬಳಕೆಗೂ ಅದರ ಬೆಲೆ ಇಳಿಯುತ್ತ ಬಂದಿದೆ. ಸಿಹಿನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸುತ್ತೇನೆ. ದೋಣಿಯಲ್ಲಿ ಯಾರಿಗೂ ಅದರ ಮೇಲೆ ಕೂರಲು ಬಿಡುವುದಿಲ್ಲ, ಒಳಗಿನ ಫೋಮ್ ಅಮುಕಿದರೆ ತೇಲುವ ಶಕ್ತಿ ಕುಗ್ಗುತ್ತದೆ.

ಅಣ್ಣನ ಮಗನಿಗೆ ಬರೆದುಕೊಟ್ಟ ಕ್ರಮ ಇಷ್ಟೇ: ಮೊದಲು ಈಜು ಕಲಿಯುವ ಶುಲ್ಕ, ಆಮೇಲೆ ಜಾಕೆಟ್, ಉಳಿದ ಹಣ ಆರ್‌.ಡಿ.ಗೆ. ಎರಡು ವರ್ಷ ಬಾಡಿಗೆಯಲ್ಲಿ ಆಡಿದ ಮೇಲೂ ಆಸೆ ಹಾಗೇ ಇದ್ದರೆ ಆ ಆರ್‌.ಡಿ. ಹಣದಲ್ಲಿ ತನ್ನ ತೂಕಕ್ಕೆ ತಕ್ಕ ಹಲಗೆ ಕೊಳ್ಳಲಿ. ಅಷ್ಟರಲ್ಲಿ ಅವನಿಗೆ ಬೇಕಾದ್ದು ಯಾವುದೆಂದು ಅಂಗಡಿಯವನಿಗಿಂತ ಚೆನ್ನಾಗಿ ಅವನಿಗೇ ಗೊತ್ತಿರುತ್ತದೆ.