ಎರಡು ವಿಮಾನಗಳ ನಡುವಿನ ಅಡಿಸ್ ಅಬಾಬಾ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಸೆಲೆಕ್ಷನ್ 9 ಎಂಬ ಅರೇಬಿಕಾ ಗಿಡಗಳಿವೆ. ಆ ತಳಿಯ ಹೆತ್ತವರಲ್ಲಿ ಒಂದು ಇಥಿಯೋಪಿಯಾದ ತಫಾರಿಕೇಲಾ. ಅರೇಬಿಕಾ ಕಾಫಿ ಕಾಡುಗಿಡವಾಗಿ ಹುಟ್ಟಿ ಬೆಳೆದದ್ದೇ ಆ ದೇಶದ ನೈಋತ್ಯದ ಮಳೆಕಾಡುಗಳಲ್ಲಿ. ಹಾಗಾಗಿ ಘಾನಾದ ಅಕ್ರಾದಲ್ಲಿರುವ ಮಗನ ಮನೆಯಿಂದ ಹಿಂದಿರುಗುವಾಗ ಬೆಳಿಗ್ಗೆ ಅಡಿಸ್ ಅಬಾಬಾದಲ್ಲಿ ಇಳಿದು, ರಾತ್ರಿಯವರೆಗೆ ಬೆಂಗಳೂರಿನ ವಿಮಾನಕ್ಕೆ ಕಾಯಬೇಕು ಎಂದು ಗೊತ್ತಾದಾಗ ನನಗೂ ನನ್ನ ಹೆಂಡತಿಗೂ ಬೇಸರವಾಗಲಿಲ್ಲ. ಜೀವಮಾನವಿಡೀ ಒಂದು ಗಿಡದ ಜೊತೆ ಬದುಕಿದವರು ಅದರ ತವರಿನಲ್ಲಿ ಇಳಿದೂ ಊರೊಳಗೆ ಕಾಲಿಡದೆ ಬರುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಇ-ವೀಸಾ ಮೊದಲೇ ಮಾಡಿಸಿಟ್ಟಿದ್ದೆವು. ಅಕ್ರಾದ ಕೌಂಟರಿನಲ್ಲಿ ಪೆಟ್ಟಿಗೆಗಳಿಗೆ ಕಟ್ಟಿದ ಚೀಟಿಯಲ್ಲಿ ಬೆಂಗಳೂರಿನ ಹೆಸರೇ ಇದೆಯೇ ಎಂದು ನೋಡಿಕೊಂಡೆವು. ಕೈಯಲ್ಲಿ ಒಂದೊಂದು ಸಣ್ಣ ಚೀಲ, ಒಂದೊಂದು ಸ್ವೆಟರ್. ಸ್ವೆಟರ್ ಯಾಕೆ ಎನ್ನುವವರಿಗೆ ಒಂದು ಮಾತು: ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಡಿಸ್ ಅಬಾಬಾದ ಬೋಲೆ ವಿಮಾನ ನಿಲ್ದಾಣವೇ 2,300 ಮೀಟರಿಗೂ ಮೇಲಿದೆ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ತೆಳ್ಳನೆಯ ಅಂಗಿಯಲ್ಲಿ ಇಳಿದವರು ಬೆಳಗಿನ ಚಳಿಗೆ ಕೈಕಟ್ಟಿ ನಿಂತಿದ್ದರು. ಮೆಟ್ಟಿಲು ಹತ್ತುವಾಗ ನನಗೂ ಉಸಿರು ಸ್ವಲ್ಪ ಭಾರವಾಯಿತು. ಅರವತ್ತು ದಾಟಿದವರು ಅಲ್ಲಿ ಮೊದಲ ಒಂದೆರಡು ಗಂಟೆ ನಿಧಾನವಾಗಿಯೇ ನಡೆಯುವುದು ಒಳ್ಳೆಯದು.

ಹೊರಡುವ ಮುಂಚೆ ಮಗ ಹೇಳಿದ್ದ: "ಅಪ್ಪಾ, ಊರೆಲ್ಲ ನೋಡ್ತೀನಿ ಅಂತ ಹೊರಡ್ಬೇಡಿ. ನಿಮಗೆ ಬೇಕಾದ್ದು ಒಂದು ಇಟ್ಕೊಳ್ಳಿ, ಮಿಕ್ಕಿದ್ದು ಸಿಕ್ಕರೆ ಸಿಗಲಿ." ಅವನ ಮಾತು ಎಷ್ಟು ಸರಿ ಎಂಬುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು. ಟಿಕೆಟ್ಟಿನಲ್ಲಿ ಕಾಣುವ ಗಂಟೆಗಳೆಲ್ಲ ನಮ್ಮವಲ್ಲ. ವಲಸೆ ವಿಭಾಗದ ಸಾಲು, ಹಣ ಬದಲಾಯಿಸುವುದು, ಪಟ್ಟಣದ ವಾಹನ ದಟ್ಟಣೆ, ವಿಮಾನಕ್ಕೆ ಮೂರು ಗಂಟೆ ಮುಂಚೆ ವಾಪಸಾಗುವುದು, ಇಷ್ಟನ್ನೂ ಕಳೆದರೆ ಅರ್ಧ ಹಗಲು ಉಳಿಯುತ್ತದೆ. ಮರ್ಕಾಟೋ ಎಂಬ ವಿಶಾಲವಾದ ಸಂತೆಯನ್ನೂ ಎಂಟೊಟೊ ಬೆಟ್ಟವನ್ನೂ ನಾವು ಅಲ್ಲಿಯೇ ಕೈಬಿಟ್ಟೆವು. ವಸ್ತುಸಂಗ್ರಹಾಲಯ, ಊಟ, ಕಾಫಿ ಇಷ್ಟೇ ಸಾಕು ಅಂದುಕೊಂಡೆವು. ಹಣವನ್ನೂ ಆ ಒಂದು ಹಗಲಿಗೆ ಬೇಕಾದಷ್ಟೇ ಇಥಿಯೋಪಿಯಾದ ಬಿರ್‌ಗೆ ಬದಲಾಯಿಸಿದೆವು. ಉಳಿದ ಬಿರ್‌ ಬೇರೆಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಟ್ಯಾಕ್ಸಿ ಚಾಲಕ ಸಭ್ಯ ಯುವಕ, ಇಂಗ್ಲಿಷ್ ಚೆನ್ನಾಗಿ ಬಲ್ಲವನು. ನಮ್ಮನ್ನು ವಸ್ತುಸಂಗ್ರಹಾಲಯದ ಮುಂದೆ ಇಳಿಸಿ, ಮತ್ತೆ ಕರೆದೊಯ್ಯಲು ಹತ್ತು ಗಂಟೆಗೆ ಬರುತ್ತೇನೆ ಎಂದ. ಆಗಲೇ ಒಂಬತ್ತಾಗಿತ್ತು. ಹೆಂಡತಿ ನನ್ನ ತೋಳು ಹಿಡಿದು, "ರೀ, ಯಾವ ಲೆಕ್ಕದ ಹತ್ತು ಅಂತ ಕೇಳಿ" ಅಂದಳು. ಅವಳು ಓದಿಕೊಂಡು ಬಂದಿದ್ದಳು. ಇಥಿಯೋಪಿಯಾದಲ್ಲಿ ದಿನದ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಅವರ ಹತ್ತು ಗಂಟೆ ನಮ್ಮ ಸಂಜೆ ನಾಲ್ಕು. ಪಂಚಾಂಗದಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸಿದವರ ಮೊಮ್ಮಕ್ಕಳಾದ ನಮಗೆ ಇದು ವಿಚಿತ್ರ ಅನಿಸಬಾರದು. ನನಗೆ ಇದು ನಮ್ಮ ಗಡಿಯಾರಕ್ಕಿಂತ ನ್ಯಾಯವಾದದ್ದು ಎಂದೇ ಅನಿಸಿತು; ಯಾಕೆಂದರೆ ಸಮಭಾಜಕಕ್ಕೆ ಹತ್ತಿರದ ಆ ನಾಡಿನಲ್ಲಿ ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಆದರೆ ವಿಮಾನ ಹಿಡಿಯಬೇಕಾದವರು ಅಲ್ಲಿ ಯಾವ ಹೊತ್ತು ಗೊತ್ತುಮಾಡಿದರೂ ಯಾವ ಲೆಕ್ಕ ಎಂದು ಕೇಳಿಯೇ ಮುಂದುವರಿಯಬೇಕು. ವಿಮಾನದ ಟಿಕೆಟ್ಟಿನಲ್ಲಿರುವುದು ನಮಗೆ ಪರಿಚಯದ ಲೆಕ್ಕವೇ.

ಅರಾತ್ ಕಿಲೋ ವೃತ್ತಕ್ಕೆ ಹತ್ತಿರವಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ ದೊಡ್ಡದಲ್ಲ. ಜನ ಹೋಗುವುದು ಲೂಸಿಯನ್ನು ನೋಡಲು. 1974ರ ನವೆಂಬರಿನಲ್ಲಿ ಅಫಾರ್ ಪ್ರದೇಶದ ಹದಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಸಿಕ್ಕ, 32 ಲಕ್ಷ ವರ್ಷ ಹಿಂದಿನ ಹೆಣ್ಣುಜೀವಿಯ ಎಲುಬುಗಳು. ಇಡೀ ಅಸ್ಥಿಪಂಜರದ ಸುಮಾರು ಶೇಕಡಾ 40ರಷ್ಟು ದೊರೆತಿದೆ. ಪ್ರದರ್ಶನದಲ್ಲಿರುವುದು ಅಚ್ಚು ಪ್ರತಿ; ಮೂಲವನ್ನು ಜೋಪಾನವಾಗಿ ಒಳಗಿಟ್ಟಿದ್ದಾರೆ. ಎತ್ತರ ಮೂರೂವರೆ ಅಡಿ ಇರಬಹುದು. ನಮ್ಮ ಮೊಮ್ಮಗಳು ಈಗ ಅಷ್ಟೇ ಎತ್ತರ ಇದ್ದಾಳೆ. ಆ ಪುಟ್ಟ ಸೊಂಟದ ಎಲುಬನ್ನೂ ಮೊಣಕಾಲ ಕೀಲನ್ನೂ ನೋಡಿ ವಿಜ್ಞಾನಿಗಳು ಇವಳು ಎರಡು ಕಾಲಿನಲ್ಲಿ ನೆಟ್ಟಗೆ ನಡೆದಿದ್ದಳು ಎಂದು ಹೇಳಿದರು. ಅವಳ ಮುಂದೆ ಬಹಳ ಹೊತ್ತು ನಿಂತೆವು.

ಸ್ವಲ್ಪ ಮೇಲಕ್ಕೆ, ವಿಶ್ವವಿದ್ಯಾಲಯದ ಆವರಣದಲ್ಲಿ, ಚಕ್ರವರ್ತಿ ಹೈಲೆ ಸೆಲಾಸಿಯ ಹಿಂದಿನ ಅರಮನೆ ಈಗ ಜನಾಂಗ ವಸ್ತುಸಂಗ್ರಹಾಲಯವಾಗಿದೆ. ಅದರ ಎದುರಿಗೆ ಆಕಾಶದ ಕಡೆ ಹತ್ತಿ, ಎಲ್ಲಿಗೂ ತಲುಪದ ಒಂದು ಮೆಟ್ಟಿಲ ಸಾಲಿದೆ. 1936ರಿಂದ 1941ರವರೆಗೆ ದೇಶವನ್ನು ಆಕ್ರಮಿಸಿಕೊಂಡಿದ್ದ ಇಟಲಿಯವರು ಮುಸೊಲಿನಿಯ ಆಳ್ವಿಕೆಯ ವರ್ಷಕ್ಕೊಂದರಂತೆ ಕಟ್ಟಿದ್ದು. ಅವರನ್ನು ಓಡಿಸಿದ ಮೇಲೆ ಇಥಿಯೋಪಿಯಾದವರು ಅದನ್ನು ಕೆಡವಲಿಲ್ಲ; ತುದಿಯ ಮೆಟ್ಟಿಲ ಮೇಲೆ ತಮ್ಮ ರಾಜಚಿಹ್ನೆಯಾದ ಸಿಂಹವನ್ನು ಕೂರಿಸಿದರು. ಇಂಥ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾವು ಹೋದದ್ದು ಶುಕ್ರವಾರ. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟದೆ ವ್ರತ ಹಿಡಿಯುತ್ತಾರೆ. ಆ ದಿನಗಳಲ್ಲಿ ಸಣ್ಣ ಹೋಟೆಲಿನಲ್ಲೂ ಬೆಯೈನೆತು ಸಿಗುತ್ತದೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ಅಗಲವಾದ ಇಂಜೆರಾ, ಅದರ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೋ, ಎಲೆಕೋಸು, ಬೀಟ್‌ರೂಟ್, ಸೊಪ್ಪು. ಒಂದು ಬದಿ ಮಾತ್ರ ಬೇಯಿಸಿದ, ತೂತುತೂತಾದ ಆ ರೊಟ್ಟಿ ನಮ್ಮ ಉದ್ದಿಲ್ಲದ ಹುಳಿದೋಸೆಯ ಹತ್ತಿರದ ನಂಟು. ಇಬ್ಬರಿಗೂ ಒಂದೇ ತಟ್ಟೆ, ಬಲಗೈ ಊಟ.

ಇನ್ನು ಕಾಫಿ. ಊರಿನ ಬೀದಿಬೀದಿಯಲ್ಲಿ ಸಣ್ಣ ಮಣೆ ಹಾಕಿ ಕೂತ ಹೆಂಗಸರು ಕಾಫಿ ಕಾಯಿಸಿ ಕೊಡುತ್ತಾರೆ. ಊಟ ಮಾಡಿದ ಹೋಟೆಲಿನ ಮೂಲೆಯಲ್ಲೇ ನೆಲಕ್ಕೆ ಹಸಿ ಹುಲ್ಲು ಹರಡಿ, ಲೋಬಾನದ ಹೊಗೆ ಹಾಕಿ ಒಬ್ಬಾಕೆ ಕೂತಿದ್ದರು. ಹಸಿ ಬೀಜವನ್ನು ನಮ್ಮ ಕಣ್ಣೆದುರೇ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದರು. ಪರಿಮಳ ನೋಡಬೇಕಾದದ್ದೂ ಆ ಆತಿಥ್ಯದ ಭಾಗ. ಆಮೇಲೆ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಜೆಬೆನಾದಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿಂದ ಸುರಿದರು. ಜೊತೆಗೆ ಮೆಕ್ಕೆಜೋಳದ ಅರಳು. ಮೊದಲ ಸುತ್ತು ಅಬೋಲ್, ಎರಡನೆಯದು ತೋನಾ, ಮೂರನೆಯದು ಬೆರೆಕಾ. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸುವುದರಿಂದ ಸುತ್ತು ಸುತ್ತಿಗೂ ತೆಳ್ಳಗಾಗುತ್ತದೆ. ಮೂರು ಸುತ್ತು ಮುಗಿಯಲು ಒಂದು ಗಂಟೆಗೂ ಮೇಲೆ ಹಿಡಿಯಿತು. ಆ ಗಂಟೆಯಲ್ಲಿ ಇನ್ನೊಂದು ಚರ್ಚೋ ಸ್ಮಾರಕವೋ ನೋಡಬಹುದಿತ್ತು. ಅದನ್ನು ಬಿಟ್ಟು ಇಲ್ಲಿ ಕೂತದ್ದೇ ಆ ಹಗಲಿನ ಸರಿಯಾದ ನಿರ್ಧಾರ ಎಂದು ನನಗೆ ಅನುಮಾನವಿಲ್ಲದೆ ಅನಿಸುತ್ತದೆ.

ಯಾಕೆಂದರೆ ಬೆಳೆಗಾರನಾಗಿ ನನಗೆ ಅಲ್ಲಿ ಕಂಡದ್ದು ದೊಡ್ಡ ವಿಷಯ. ಇಥಿಯೋಪಿಯಾ ತಾನು ಬೆಳೆದ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ತಾನೇ ಕುಡಿಯುತ್ತದೆ. ನಮ್ಮ ದೇಶದ ಕಾಫಿಯ ಬಹುಪಾಲು ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲೇ ಒಳ್ಳೆಯ ಪಾರ್ಚ್‌ಮೆಂಟ್ ಬೀಜ ಮಾರಾಟಕ್ಕೆ, ಒಡಕು ಬೀಜ ಚಿಕೋರಿ ಸೇರಿ ನಮ್ಮ ಲೋಟಕ್ಕೆ ಎಂಬ ಪದ್ಧತಿ ಅಪ್ಪನ ಕಾಲದಿಂದ ನಡೆದುಬಂದಿತ್ತು. ಈಗ ನಮ್ಮ ಬಳಕೆಗೆಂದು ಒಂದು ಮೂಟೆ ಒಳ್ಳೆಯ ಬೀಜ ಮೊದಲೇ ತೆಗೆದಿಡುತ್ತೇವೆ.

ಹೊರಡುವಾಗ ಆಕೆ ಒಂದು ಹಿಡಿ ಹಸಿ ಬೀಜವನ್ನು ನನ್ನ ಅಂಗೈಗೆ ಹಾಕಿದರು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ ಕೇಳಿ ಬೆಳೆದವನಿಗೆ ಆ ಆಸೆ ಬಾರದೆ ಇರುತ್ತದೆಯೇ? ಆದರೆ ನಾನು ಅದನ್ನು ಅವರಿಗೇ ಮರಳಿಸಿದೆ. ಆಫ್ರಿಕಾ ಮೂಲದ ಕಾಯಿಕೊರಕ ಹುಳ 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಬಂದದ್ದನ್ನು ನೋಡಿದವನು ನಾನು. ಹಸಿ ಬೀಜವನ್ನು ಅನುಮತಿಯಿಲ್ಲದೆ ಒಳತರುವುದು ನಮ್ಮ ಸಸ್ಯ ಕ್ವಾರಂಟೈನ್ ನಿಯಮಗಳಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ ನೆರೆಯವರ ತೋಟಕ್ಕೆ ಮಾಡುವ ದ್ರೋಹ. ಇಥಿಯೋಪಿಯಾದ ತಳಿಗಳನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ಬೆಳೆಸಿದ್ದಾರೆ, ಬೇಕಾದವರು ಅಲ್ಲಿಗೆ ಹೋಗಬಹುದು. ನಾವು ಹುರಿದ ಕಾಫಿಯ ಎರಡು ಪೊಟ್ಟಣ ಕೊಂಡೆವು.

ನಾಲ್ಕಕ್ಕೆ ಚಾಲಕ ಬಂದ. ಬೋಲೆಯಲ್ಲಿ ಕಟ್ಟಡದ ಬಾಗಿಲಿನಲ್ಲೇ ಒಂದು ತಪಾಸಣೆ, ಒಳಗೆ ಇನ್ನೊಂದು. ಎರಡೂ ಕಡೆ ಸಾಲು ಉದ್ದವಿತ್ತು. ಬೇಗ ಬಂದದ್ದರಿಂದ ಆತಂಕವಾಗಲಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ. ಹಳದಿ ಜ್ವರ ಇರುವ ದೇಶಗಳೆಂದು ಭಾರತ ಸರ್ಕಾರ ಗುರುತಿಸಿದ ಪಟ್ಟಿಯಲ್ಲಿ ಇಥಿಯೋಪಿಯಾ ಇದೆ. ವಿಮಾನ ನಿಲ್ದಾಣದ ಒಳಗೇ ಉಳಿದು ವಿಮಾನ ಬದಲಿಸಿದವರಿಗೆ ಅದರ ತೊಡಕಿಲ್ಲ. ಊರೊಳಗೆ ಕಾಲಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು; ಇಲ್ಲವಾದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ನಾವು ಘಾನಾಕ್ಕೆ ಹೋಗಬೇಕಾದ್ದರಿಂದ ಮೊದಲೇ ಚುಚ್ಚಿಸಿಕೊಂಡಿದ್ದೆವು. ಯುರೋಪಿನಿಂದಲೋ ಅಮೆರಿಕದಿಂದಲೋ ಅಡಿಸ್ ಮೂಲಕ ಬರುವವರಿಗೆ ಇದು ಹೊಳೆಯುವುದೇ ಇಲ್ಲ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆ; ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಲಸಿಕೆ ಹಾಕುವುದರಿಂದ, ಟಿಕೆಟ್ ಕೊಂಡ ವಾರವೇ ಹೋಗಿ ವಿಚಾರಿಸಿಕೊಳ್ಳಿ.