ಪಂದ್ಯದ ಕಾರಿನ ಟೈರು: ವಿರೂಪ ಮತ್ತು ಪರೀಕ್ಷೆ

ಗಾಳಿ ಕಡಿಮೆಯಿರುವ ಬೈಸಿಕಲ್ಲಿನ ಮೇಲೆ ಯಾರಾದರೂ ಕುಳಿತಾಗ ಅದರ ಹಿಂದಿನ ಗಾಲಿಯನ್ನು ಗಮನಿಸಿರಿ. ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಮಗ್ಗುಲಲ್ಲಿ ಉಬ್ಬಿರುತ್ತದೆ. ಈ ಆಕಾರವ್ಯತ್ಯಾಸಕ್ಕೆ ವಿರೂಪವೆಂದು ಹೆಸರು. ಗಾಲಿಯು ಉರುಳಿದಂತೆಲ್ಲ ಟೈರಿನ ಪ್ರತಿಯೊಂದು ಭಾಗವೂ ಸರದಿಯಂತೆ ಬಾಗಿ ನೆಟ್ಟಗಾಗುತ್ತದೆ. ರಬ್ಬರನ್ನು ಬಾಗಿಸಲು ವ್ಯಯವಾದ ಶಕ್ತಿಯೆಲ್ಲವೂ ಹಿಂದಿರುಗುವುದಿಲ್ಲ; ಅದರ ಒಂದಂಶವು ಉಷ್ಣವಾಗಿ ಮಾರ್ಪಡುತ್ತದೆ. ಬೈಸಿಕಲ್ಲಿನಲ್ಲಿ ಇದು ಅಲ್ಪ. ಪಂದ್ಯದ ಕಾರಿನಲ್ಲಿಯಾದರೋ ಇದು ಪ್ರಾಣದ ಪ್ರಶ್ನೆ.

ಅಮೆರಿಕದ ಇಂಡಿಯಾನಾಪೊಲಿಸ್ ಪಥದಲ್ಲಿ 2005ರ ಜೂನ್ 17ರಂದು ಫಾರ್ಮುಲಾ ಒನ್ ಪಂದ್ಯದ ಅಭ್ಯಾಸ ನಡೆದಿತ್ತು. 13ನೆಯ ತಿರುವಿನಲ್ಲಿ ರಾಲ್ಫ್ ಶೂಮಾಕರನ ಕಾರಿನ ಎಡ ಹಿಂದಿನ ಟೈರು ಕೆಟ್ಟು, ಕಾರು ಗೋಡೆಗೆ ಅಪ್ಪಳಿಸಿತು. ಈ ಬಲ ತಿರುವಿನಲ್ಲಿ ಪಥವು ಒಳಮಗ್ಗುಲಿಗೆ 9 ಅಂಶಗಳಿಗಿಂತ ತುಸು ಹೆಚ್ಚು ವಾಲಿದೆ. ತ್ರಿಜ್ಯವು ಸುಮಾರು 256 ಮೀಟರು, ಉದ್ದ ಸುಮಾರು 400 ಮೀಟರು.

ಕಾರಿನ ವೇಗವು ಗಂಟೆಗೆ 300 ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು 83 ಮೀಟರು, ಎಂದಿಟ್ಟುಕೊಳ್ಳೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆ. ಅದು ಗುರುತ್ವದ ಸುಮಾರು 2.8 ಪಟ್ಟು. ಪಥವು ವಾಲಿರುವುದರಿಂದ ಇದರ ಒಂದು ಭಾಗವು ಟೈರುಗಳನ್ನು ನೆಲಕ್ಕೆ ಒತ್ತುತ್ತದೆ. ಆಗ ಅವುಗಳ ಮೇಲಿನ ಒಟ್ಟು ಒತ್ತುಬಲವು ಕಾರಿನ ತೂಕದ ಸುಮಾರು 1.4 ಪಟ್ಟಾಗುತ್ತದೆ. ರೆಕ್ಕೆಗಳ ಮೇಲೆ ಹರಿಯುವ ಗಾಳಿಯ ಒತ್ತು ಬೇರೆ. ಹೊರಮಗ್ಗುಲಾದ ಎಡಗಡೆಯ ಟೈರುಗಳಿಗೆ ಹೆಚ್ಚಿನ ಪಾಲು ಬೀಳುತ್ತದೆ. ಟೈರಿನ ಸುತ್ತಳತೆ ಸುಮಾರು 2 ಮೀಟರು. ಆದ್ದರಿಂದ ಅದರ ಪ್ರತಿ ಭಾಗವೂ ಸೆಕೆಂಡಿಗೆ ಸುಮಾರು 40 ಸಲ, ಆ ಒಂದೇ ತಿರುವಿನಲ್ಲಿ ಸುಮಾರು 200 ಸಲ ಬಾಗಬೇಕು!

ಇಂತಹ ಶ್ರಮವನ್ನು ಟೈರು ತಾಳೀತೇ ಎಂಬುದನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಮೊದಲನೆಯದು, ತಿರುಗುವ ದೊಡ್ಡ ಉಕ್ಕಿನ ಉರುಳೆಗೆ ಟೈರನ್ನು ಒತ್ತಿ ಓಡಿಸಿ, ಅದರ ಬಿಸಿಯನ್ನೂ ಬಾಳಿಕೆಯನ್ನೂ ಅಳೆಯುವುದು. ಎರಡನೆಯದು, ಟೈರನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಕಲ್ಪಿಸಿಕೊಂಡು, ಪ್ರತಿ ತುಣುಕೂ ಎಷ್ಟು ಹಿಗ್ಗುವುದು, ಎಷ್ಟು ಕುಗ್ಗುವುದು ಎಂದು ಗಣಕಯಂತ್ರದಿಂದ ಲೆಕ್ಕ ಮಾಡುವುದು. ಆದರೆ ಒಂದು ಮಾತನ್ನು ಮರೆಯಬಾರದು. ನಾವು ಕೊಟ್ಟ ಭಾರಕ್ಕೆ, ನಾವು ಕೊಟ್ಟ ವೇಗಕ್ಕೆ ಮಾತ್ರ ಉರುಳೆಯೂ ಗಣಕವೂ ಉತ್ತರ ಹೇಳಬಲ್ಲವು. ಪಥವು ಅದಕ್ಕಿಂತ ಹೆಚ್ಚಿನದನ್ನು ಕೇಳಿದರೆ ಆ ಉತ್ತರಕ್ಕೆ ಬೆಲೆಯಿಲ್ಲ.

13ನೆಯ ತಿರುವಿನಲ್ಲಿ ವೇಗವನ್ನು ತಗ್ಗಿಸದಿದ್ದರೆ ತನ್ನ ಟೈರುಗಳು ಸುರಕ್ಷಿತವೆಂದು ಹೇಳಲಾರೆನೆಂದು ತಯಾರಕರಾದ ಮಿಶೆಲಿನ್ ಸಂಸ್ಥೆಯು ತಿಳಿಸಿತು. ಜೂನ್ 19ರಂದು ಅದರ ಟೈರುಗಳುಳ್ಳ 14 ಕಾರುಗಳು ಪಂದ್ಯಕ್ಕೆ ಮುಂಚಿನ ಸುತ್ತನ್ನು ಮುಗಿಸಿ ಹಿಂದೆ ಸರಿದವು. ಬ್ರಿಜ್‌ಸ್ಟೋನ್ ಟೈರುಗಳುಳ್ಳ 6 ಕಾರುಗಳು ಮಾತ್ರ ಓಡಿದವು. ಪ್ರೇಕ್ಷಕರಿಗೆ ನಿರಾಶೆಯಾಯಿತು, ನಿಜ. ಆದರೆ ಭರವಸೆಯಿಲ್ಲದ ಟೈರಿನ ಮೇಲೆ ಯಾರ ಪ್ರಾಣವನ್ನೂ ಪಣವಿಡಲಿಲ್ಲ.

ವೇಗವನ್ನು 250 ಕಿಲೋಮೀಟರಿಗೆ ಇಳಿಸಿದರೆ 2.8 ಎಂಬ ಸಂಖ್ಯೆಯು ಎಷ್ಟಾಗುವುದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಲಿ. ಆ ಸಲಹೆಯ ಅರ್ಥವು ಆಗ ಸ್ಪಷ್ಟವಾಗುವುದು.